ಅರ್ಧಾಯು ಅಂದರೆ ಅಮ್ಮನ ಆಯಸ್ಸಲ್ಲ

“ಮೇಡಂ, ನಮ್ಮತ್ತೆಗೆ ಕ್ಷಯಾನೂ ಇದೆಯಾ?”

ಕೇಳಿದವರು ಹಾಸನದ ಕಡೆಯ ಒಬ್ಬ ಹೆಣ್ಣುಮಗಳು. ಅವರ ಅತ್ತೆಗೆ ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆಗಿತ್ತು. ಅಯೋಡಿನ್‑131 ಅನ್ನುವ ವಿಕಿರಣ ಸೂಸುವ ಔಷಧಿಯ ಚಿಕಿತ್ಸೆಗೆ ನಮ್ಮ ವಿಭಾಗಕ್ಕೆ ಬಂದಿದ್ದರು. ಕಾಯುವ ಜಾಗದ ಗೋಡೆಯ ಮೇಲೆ ನಾನೇ ಒಂದು ಹಾಳೆ ಅಂಟಿಸಿದ್ದೆ. ‘ವಿಕಿರಣಶೀಲ ಕ್ಷಯ ಮತ್ತು ಅರ್ಧಾಯು’ ಅಂತ ದಪ್ಪ ಅಕ್ಷರದ ತಲೆಬರಹ. ಪಠ್ಯಪುಸ್ತಕದಲ್ಲಿ ಇರುವ ಮಾತೇ ಅದು. ಕನ್ನಡದಲ್ಲಿ ಒಂದು ಹಾಳೆ ಮಾಡಿದೆ ಅಂತ ನನಗೆ ಹೆಮ್ಮೆಯೂ ಇತ್ತು.

ಆ ಹೆಣ್ಣುಮಗಳ ಗಂಡ ಏನೂ ಕೇಳಲಿಲ್ಲ. ಅವರು ಎರಡನೇ ಸಾಲಿನ ಮುಂದೆ ಸುಮ್ಮನೆ ನಿಂತಿದ್ದರು. ‘ಅಯೋಡಿನ್‑131ರ ಅರ್ಧಾಯು 8 ದಿನ.’ ಸಂಜೆ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು: “ಅಮ್ಮನಿಗೆ ಎಂಟೇ ದಿನಾನಾ?”

ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಲ್ಪಾಯು, ದೀರ್ಘಾಯು, ಪೂರ್ಣಾಯು ಅಂತ ಕೇಳಿ ಬೆಳೆದ ಕಿವಿಗೆ ಅರ್ಧಾಯು ಇನ್ನು ಹೇಗೆ ಕೇಳಿಸಬೇಕು? ಕ್ಷಯ ಅಂದರೆ ಟಿಬಿ. ನಮ್ಮಜ್ಜಿಗೂ ಅಷ್ಟೇ ಗೊತ್ತಿತ್ತು. ನಾನು ಹೇಳಹೊರಟದ್ದು ಇಷ್ಟೇ: ಔಷಧಿಯ ವಿಕಿರಣಶೀಲ ಪರಮಾಣುಗಳು ತಾವಾಗಿ ಒಡೆಯುತ್ತಾ ಹೋಗುವುದು ಕ್ಷಯ, ಅವುಗಳಲ್ಲಿ ಅರ್ಧ ಒಡೆಯಲು ಹಿಡಿಯುವ ಹೊತ್ತು ಅರ್ಧಾಯು. ಮಾರನೇ ದಿನ ಬೆಳಗ್ಗೆ ಮೊದಲು ಮಾಡಿದ ಕೆಲಸ ಆ ಹಾಳೆ ಕಿತ್ತದ್ದು. ಅಲ್ಲಿಂದ ಶುರುವಾಯಿತು ಒಂದು ಒಳ್ಳೆಯ ಚಿತ್ರದ ಹುಡುಕಾಟ. ಅದರಲ್ಲಿ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ. ಇದೇ ಕೆಲಸದಲ್ಲಿ ಇರುವವರಿಗೂ, ಮಕ್ಕಳಿಗೆ ಈ ಪಾಠ ಹೇಳುವ ಮೇಷ್ಟ್ರುಗಳಿಗೂ ಉಪಯೋಗ ಆಗಬಹುದು.

ನಾನು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ವಿಕಿರಣಶೀಲ ಔಷಧಿ ಕೊಟ್ಟು ಸ್ಕ್ಯಾನ್, ಚಿಕಿತ್ಸೆ ಮಾಡುವ ವಿಭಾಗ ನಮ್ಮದು. ನಮ್ಮ ಕೆಲಸದಲ್ಲಿ ಗಡಿಯಾರ ಅಂದರೆ ಈ ಅರ್ಧಕ್ಕೆ ಇಳಿಯುವ ಹೊತ್ತೇ. ಸ್ಕ್ಯಾನಿಗೆ ಜಾಸ್ತಿ ಬಳಸುವುದು ಟೆಕ್ನಿಷಿಯಂ‑99ಎಂ. ಅದು 6 ಗಂಟೆಗೆ ಅರ್ಧ. ಪೆಟ್ ಸ್ಕ್ಯಾನಿನ ಫ್ಲೋರಿನ್‑18 ಸುಮಾರು 110 ನಿಮಿಷಕ್ಕೇ ಅರ್ಧ. ಔಷಧಿ ತರುವ ಗಾಡಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೆಚ್ಚೂಕಡಿಮೆ ಎರಡು ಗಂಟೆ ಸಿಕ್ಕಿಕೊಂಡರೆ ತಂದದ್ದರಲ್ಲಿ ಅರ್ಧ ದಾರಿಯಲ್ಲೇ ಹೋಯಿತು ಅಂತ ಲೆಕ್ಕ. ಬಾಟಲಿಯಲ್ಲಿ ನೀರು ಮಾತ್ರ ಒಂದು ಹನಿಯೂ ಕಮ್ಮಿ ಆಗಿರುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಟೆಕ್ನಿಷಿಯಂ ಬರುವುದು ಜನರೇಟರಿನಿಂದ. ಸೀಸದ ಕವಚದೊಳಗೆ ಮಾಲಿಬ್ಡಿನಂ‑99 ಕೂತಿರುತ್ತದೆ. ಅದು 66 ಗಂಟೆಗೆ ಅರ್ಧ ಆಗುತ್ತಾ ಟೆಕ್ನಿಷಿಯಂ ಹುಟ್ಟಿಸುತ್ತಿರುತ್ತದೆ. ದಿನಾ ಬೆಳಗ್ಗೆ ಸಲೈನ್ ಹಾಯಿಸಿ ಅದನ್ನು ಇಳಿಸಿಕೊಳ್ಳುತ್ತೇವೆ. ನಮ್ಮ ವೃತ್ತಿಯಲ್ಲಿ ಲೋಕದ ಎಲ್ಲ ಕಡೆಯೂ ಇದಕ್ಕೆ ಹಾಲು ಕರೆಯೋದು ಅಂತಲೇ ಹೆಸರು. ಜನರೇಟರ್ ಅಂದರೆ ಹಸು. ಬೆಳಗ್ಗೆ ಕರೆದರೆ ಮಾರನೇ ಬೆಳಗ್ಗೆ ಹೊತ್ತಿಗೆ ಕೆಚ್ಚಲು ಮತ್ತೆ ತುಂಬಿರುತ್ತದೆ. ವಾರದ ಕೊನೆಗೆ ಹಾಲು ಕಮ್ಮಿ ಆಗಿರುತ್ತದೆ. ಹಳ್ಳಿಯಿಂದ ಬಂದ ಇಂಟರ್ನ್‌ಗಳಿಗೆ ಇದನ್ನು ಹೇಳಿಕೊಡಲು ಬೇರೆ ಚಿತ್ರವೇ ಬೇಕಾಗಿಲ್ಲ.

ರೋಗಿಗಳ ಮನೆಯವರಿಗೆ ಬೇಕಿತ್ತು. ಹುಡುಕಿದೆ.

ಮೊದಲು ಸಿಕ್ಕಿದ್ದೆಲ್ಲ ಹಸಿರು ಬೆಳಕು, ತಲೆಬುರುಡೆ, ಬಾಂಬಿನ ಅಣಬೆ ಮೋಡ. ಆ ಹಸಿರು ಎಲ್ಲಿಂದ ಬಂತು ಗೊತ್ತಾ? ಹಿಂದೆ ಗಡಿಯಾರದ ಮುಳ್ಳಿಗೆ ಹಚ್ಚುತ್ತಿದ್ದ ರೇಡಿಯಂ ಬಣ್ಣದಿಂದ. ಅಲ್ಲಿ ಹೊಳೆಯುತ್ತಿದ್ದದ್ದು ರೇಡಿಯಂ ಅಲ್ಲ, ಅದರ ಜೊತೆ ಬೆರೆಸಿದ ಜಿಂಕ್ ಸಲ್ಫೈಡ್. ವಿಕಿರಣಶೀಲ ಔಷಧಿ ತಯಾರಿಸುವ ನಮ್ಮ ಹಾಟ್ ಲ್ಯಾಬಿನಲ್ಲಿ ಯಾವುದೂ ಹಸಿರಾಗಿ ಹೊಳೆಯುವುದಿಲ್ಲ. ಅಯೋಡಿನ್ ಕ್ಯಾಪ್ಸೂಲ್ ನೋಡೋದಕ್ಕೆ ಮಾಮೂಲಿ ಮಾತ್ರೆ.

ತಲೆಬುರುಡೆಯ ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯವಿದೆ. ಅದಕ್ಕೆ ಅದರದ್ದೇ ಜಾಗ ಇದೆ. ಮೂರು ಎಸಳಿನ ವಿಕಿರಣ ಗುರುತು ಹುಟ್ಟಿದ್ದು 1946ರಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ. ಗೊತ್ತಿಲ್ಲದವರಿಗೆ ಅದು ಫ್ಯಾನಿನ ರೆಕ್ಕೆಯ ಹಾಗೆ ಕಾಣುತ್ತದೆ. ಅದಕ್ಕೇ 2007ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಇನ್ನೊಂದು ಗುರುತು ತಂದಿತು. ಕೆಂಪು ತ್ರಿಕೋನ, ಮೇಲಿನಿಂದ ಬೀಳುವ ಕಿರಣ, ತಲೆಬುರುಡೆ, ಓಡುತ್ತಿರುವ ಮನುಷ್ಯ. ಅದನ್ನು ಒಪ್ಪುವ ಮುಂಚೆ 11 ದೇಶಗಳಲ್ಲಿ ಒಟ್ಟು 1,650 ಜನರಿಗೆ ತೋರಿಸಿ, ನಿಮಗೇನು ಅನಿಸುತ್ತದೆ ಅಂತ ಕೇಳಿದ್ದರು. ನಮ್ಮ ದೇಶವೂ ಅದರಲ್ಲಿ ಇತ್ತು. ಈ ಗುರುತು ಇರುವುದು ಅಪಾಯಕಾರಿ ಮೂಲವನ್ನು ಯಾರೂ ಬಿಚ್ಚದಿರಲಿ ಅಂತ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಕೋಬಾಲ್ಟ್‑60 ಇದ್ದ ಹಳೇ ಯಂತ್ರ ಬಂದು, ಅದನ್ನು ಒಡೆದು, ಒಬ್ಬರು ಪ್ರಾಣ ಕಳೆದುಕೊಂಡರು. ಅಂಥ ಯಂತ್ರದ ಮೇಲೆ ತಲೆಬುರುಡೆ ಇರಲೇಬೇಕು. ಆದರೆ ಚಿಕಿತ್ಸೆ ಮುಗಿಸಿ ಮನೆಗೆ ಹೊರಟ ಅಜ್ಜಿಯ ಕೈಗೆ ಕೊಡುವ ಹಾಳೆಯ ಮೇಲೆ ಅದು ಬರಬಾರದು.

ನನಗೆ ತಟ್ಟಿದ್ದು ಇನ್ನೊಂದು ವಿಷಯ. ಆ ಸಂಸ್ಥೆಯವರು ಚಿತ್ರವನ್ನು ಜನರಿಗೆ ತೋರಿಸಿ, ಏನು ಅರ್ಥವಾಯಿತು ಅಂತ ಕೇಳಿದ್ದರು. ನಾನು ಯಾರನ್ನೂ ಕೇಳಿರಲಿಲ್ಲ.

ಆಮೇಲೆ ಸಿಕ್ಕಿದ್ದು ಒಂದೇ ಪರಮಾಣು ಒಡೆಯುವ ಚಿತ್ರಗಳು. ಕೆಂಪು ನೀಲಿ ಗೋಲಿಗಳ ಗೊಂಚಲು, ಅದರಿಂದ ಎರಡೆರಡು ಗೋಲಿ ಹಾರುವುದು. ನೋಡಲು ಚೆಂದ. ಆದರೆ ನಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಒಂದು ಪರಮಾಣು ಯಾವಾಗ ಒಡೆಯುತ್ತದೆ ಅಂತ ಯಾರೂ ಹೇಳಲಾರರು. ಎಂಟು ದಿನಕ್ಕೆ ಅರ್ಧ ಅನ್ನುವುದು ಗುಂಪಿನ ಮಾತು. 20 ಮಿಲಿಕ್ಯೂರಿ (ವಿಕಿರಣ ಅಳೆಯುವ ಮಾನ) ಟೆಕ್ನಿಷಿಯಂ ಇರುವ ಸಿರಿಂಜಿನಲ್ಲಿ ಸುಮಾರು 23 ಲಕ್ಷ ಕೋಟಿ ಪರಮಾಣುಗಳಿರುತ್ತವೆ. ಸೆಕೆಂಡಿಗೆ 74 ಕೋಟಿ ಒಡೆಯುತ್ತಿರುತ್ತವೆ. ಇಷ್ಟಾಗಿಯೂ ಅದರ ತೂಕ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಸುಮಾರು ನಾಲ್ಕು ಪಾಲು ಅಷ್ಟೇ.

ಕೊನೆಗೆ ಗ್ರಾಫ್. ಎಲ್ಲ ಪುಸ್ತಕದಲ್ಲೂ ಇರುವ, ಮೇಲಿನಿಂದ ಜಾರಿ ಬಂದು ನೆಲದ ಪಕ್ಕ ತೆವಳುವ ಗೆರೆ. ಅದು ನಿಖರ, ತಪ್ಪಿಲ್ಲ. ಬಿಡುಗಡೆ ಚೀಟಿಯ ಹಿಂಬದಿಗೆ ಅದನ್ನೇ ಮುದ್ರಿಸಿದೆ. ಈ ತಪ್ಪನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಚಿಕ್ಕಮಗಳೂರಿನ ಕಡೆಯ ಒಬ್ಬ ಅಮ್ಮ, ಅರುವತ್ತು ದಾಟಿದವರು. ಚಿಕಿತ್ಸೆ ಚೆನ್ನಾಗಿ ಆಯಿತು. ಪ್ರತ್ಯೇಕ ಕೋಣೆಯಲ್ಲಿ ಇದ್ದು, ಅಳತೆ ನೋಡಿ, ಮನೆಗೆ ಕಳಿಸಿದೆವು. ಮಕ್ಕಳು, ಬಸುರಿಯರಿಂದ ಎಷ್ಟು ದಿನ ದೂರ ಇರಬೇಕು ಅಂತ ವೈದ್ಯರು ಚೀಟಿಯಲ್ಲಿ ತಾರೀಖು ಬರೆದಿದ್ದರು. ಎರಡು ತಿಂಗಳ ಮೇಲೆ ಫಾಲೋಅಪ್‌ಗೆ ಬಂದಾಗ ಮುಖ ಇಳಿದಿತ್ತು. “ಮೊಮ್ಮಗಳನ್ನು ಎತ್ತಿಕೊಂಡು ಎರಡು ತಿಂಗಳಾಯ್ತು ಕಣಮ್ಮ. ತೋಟದ ಮನೇಲಿ ಒಬ್ಬಳೇ ಇದೀನಿ. ಊಟ ಬಾಗಿಲಲ್ಲಿ ಇಟ್ಟು ಹೋಗ್ತಾರೆ.”

ಮಗನನ್ನು ಕರೆದು ಕೇಳಿದೆ. ಡಿಪ್ಲೊಮಾ ಓದಿದವರು, ತಾಯಿಯನ್ನು ತುಂಬ ಹಚ್ಚಿಕೊಂಡವರು. ಅವರು ಚೀಟಿ ಬಿಡಿಸಿ, ನಾನು ಮುದ್ರಿಸಿದ ಗ್ರಾಫಿನ ಮೇಲೆ ಬೆರಳಿಟ್ಟರು. “ಮೇಡಂ, ಈ ಗೆರೆ ಸೊನ್ನೆ ಮುಟ್ಟೋದೇ ಇಲ್ವಲ್ಲ. ಮುಂದುಗಡೆ ಇಪ್ಪತ್ತೊಂದು ದಿನ ಅಂತ ಬರೆದಿದೀರಿ. ಹಿಂದುಗಡೆ ನೋಡಿದ್ರೆ ಯಾವತ್ತೂ ಮುಗಿಯಲ್ಲ ಅಂತಿದೆ. ಪುಟ್ಟ ಮಗು ಮನೇಲಿ. ನಾನು ಯಾವುದನ್ನ ನಂಬಲಿ?”

ಅವರು ಗ್ರಾಫ್ ತಪ್ಪಾಗಿ ಓದಿರಲಿಲ್ಲ. ಸರಿಯಾಗಿಯೇ ಓದಿದ್ದರು. ಕೆಲವರು ಇದಕ್ಕೆ ಉಲ್ಟಾ ಲೆಕ್ಕ ಹಾಕುತ್ತಾರೆ: ಎಂಟು ದಿನಕ್ಕೆ ಅರ್ಧ, ಅಂದರೆ ಹದಿನಾರು ದಿನಕ್ಕೆ ಪೂರ್ತಿ ಖಾಲಿ ಅಲ್ವಾ ಅಂತ. ಅದನ್ನು ತಿದ್ದಬಹುದು. ಇವರನ್ನು ಯಾವ ಬಾಯಲ್ಲಿ ತಿದ್ದಲಿ? ನಾನು ಕೊಟ್ಟ ಚಿತ್ರ ವಿಜ್ಞಾನದ ಪ್ರಕಾರ ಸರಿ ಇತ್ತು. ಅವರ ಪ್ರಶ್ನೆ ಬೇರೆ ಇತ್ತು. ‘ಯಾವಾಗ ಸೊನ್ನೆ’ ಅಂತ ಅವರು ಕೇಳಬೇಕಾದ್ದೇ ಇರಲಿಲ್ಲ. ‘ಯಾವಾಗ ಮಗುವನ್ನು ಎತ್ತಿಕೊಳ್ಳಬಹುದು’ ಅನ್ನುವುದೇ ಪ್ರಶ್ನೆ. ಆ ಗ್ರಾಫಿನಲ್ಲಿ ಅದಕ್ಕೊಂದು ಗೆರೆಯೇ ಇರಲಿಲ್ಲ.

ಸೊನ್ನೆಯ ಬಗ್ಗೆ ಅವರಿಗೆ ಇನ್ನೊಂದು ಮಾತೂ ಹೇಳಿದೆ. ನಮ್ಮೆಲ್ಲರ ಮೈಯಲ್ಲೂ ಹುಟ್ಟಿದಾಗಿನಿಂದ ಪೊಟ್ಯಾಶಿಯಂ‑40 ಇದೆ. ದೊಡ್ಡವರ ದೇಹದಲ್ಲಿ ಅದು ಸೆಕೆಂಡಿಗೆ 4,000ಕ್ಕೂ ಹೆಚ್ಚು ಸಲ ಒಡೆಯುತ್ತಿರುತ್ತದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 15 ಸಲ. ಸೊನ್ನೆ ಅನ್ನುವ ಜಾಗದಲ್ಲಿ ಯಾವ ಜೀವಿಯೂ ಇಲ್ಲ. ಅವರು ಬಹಳ ಹೊತ್ತು ತಾಯಿಯ ಕೈ ಹಿಡಿದುಕೊಂಡು ಕೂತಿದ್ದರು.

ಅವತ್ತಿನಿಂದ ಒಂದು ಚಿತ್ರ ಸಿಕ್ಕಿದ ಕೂಡಲೇ ‘ಇದು ಸರಿ ಇದೆಯಾ’ ಅಂತ ಮಾತ್ರ ನೋಡುವುದನ್ನು ಬಿಟ್ಟೆ. ಇದನ್ನು ನೋಡಿದವರು ಮನೆಗೆ ಹೋಗಿ ಏನು ಮಾಡುತ್ತಾರೆ ಅಂತ ಕೇಳಿಕೊಳ್ಳುತ್ತೇನೆ.

ಬಹಳ ಹುಡುಕಿದ ಮೇಲೆ ನನ್ನ ಕಣ್ಣು ತೆರೆಸಿದ್ದು ವಿಕಿಮೀಡಿಯ ಕಾಮನ್ಸ್‌ನಲ್ಲಿ ಇರುವ ಒಂದು ಪುಟ್ಟ ಅನಿಮೇಷನ್. ಎಡಗಡೆಯ ಪೆಟ್ಟಿಗೆಗಳಲ್ಲಿ ನಾಲ್ಕು ನಾಲ್ಕು ಪರಮಾಣು, ಬಲಗಡೆ ನಾನೂರು ನಾನೂರು. ಎಷ್ಟು ಅರ್ಧ ಕಳೆಯಿತು ಅನ್ನುವ ಅಂಕಿ ಮೇಲೆ ಓಡುತ್ತದೆ. ನಾಲ್ಕು ಇರುವ ಕಡೆ ಏನು ಆಗುತ್ತದೆ ಅಂತ ಹೇಳಲೇ ಆಗುವುದಿಲ್ಲ. ಒಂದು ಪೆಟ್ಟಿಗೆ ಬೇಗ ಮುಗಿಯುತ್ತದೆ, ಪಕ್ಕದ್ದು ಹಾಗೇ ಕೂತಿರುತ್ತದೆ. ನಾನೂರು ಇರುವ ಕಡೆ ಎಲ್ಲ ಪೆಟ್ಟಿಗೆಯೂ ಒಂದೇ ಥರ ಇಳಿಯುತ್ತವೆ. ಮಾತೇ ಇಲ್ಲದ ಚಿತ್ರ, ಯಾವ ಭಾಷೆಯವರಿಗಾದರೂ ತೋರಿಸಬಹುದು. ಪರಮಾಣುವಿಗೆ ಮುಪ್ಪಿಲ್ಲ, ಗುಂಪಿಗೆ ಲೆಕ್ಕವಿದೆ ಅನ್ನುವುದು ಅರ್ಧ ನಿಮಿಷದಲ್ಲಿ ಕಾಣುತ್ತದೆ.

ಅದನ್ನು ಕಾಗದಕ್ಕೆ ಇಳಿಸಬೇಕಿತ್ತು. ರಂಗೋಲಿ ನೆನಪಾಯಿತು. ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಒಟ್ಟು 64. ಎಂಟು ದಿನಕ್ಕೆ 32, ಹದಿನಾರಕ್ಕೆ 16, ಇಪ್ಪತ್ತನಾಲ್ಕಕ್ಕೆ 8. ಮೊದಲ ಸಲ ಮೇಲಿನ ಸಾಲಿನಿಂದ ನೀಟಾಗಿ ಅಳಿಸುತ್ತಾ ಬಂದೆ. ಈ ಸಲ ಮುದ್ರಿಸುವ ಮುಂಚೆ ಐದಾರು ಜನರಿಗೆ ತೋರಿಸಿದೆ. ಒಬ್ಬ ಅಜ್ಜ ಕೇಳಿದರು: “ಇದು ತಲೆಯಿಂದ ಇಳಿದು ಕೊನೆಗೆ ಕಾಲಲ್ಲಿ ಉಳ್ಕೊಳ್ತದಾ?” ಸಾಲು ಬಿಟ್ಟು, ಅಲ್ಲೊಂದು ಇಲ್ಲೊಂದು ಚುಕ್ಕಿ ಬದಲಿಸಿದೆ. ಎಲ್ಲಿ ಅಂತ ನಾನು ಆರಿಸಲಿಲ್ಲ, ನಾಣ್ಯ ಚಿಮ್ಮಿ ಆರಿಸಿದೆ. ನಾವೇ ಆರಿಸಿದರೆ ಕೈ ತಾನಾಗಿ ಸಮ ಅಂತರ ಬಿಡುತ್ತದೆ. ನಿಜದಲ್ಲಿ ಹಾಗಾಗುವುದಿಲ್ಲ, ಕೆಲವು ಕಡೆ ಗುಂಪು ಬೀಳುತ್ತವೆ.

ಇನ್ನೊಂದು ಬದಲಾವಣೆ: ಚುಕ್ಕಿಯನ್ನು ಅಳಿಸುವುದಿಲ್ಲ. ತುಂಬಿದ ಚುಕ್ಕಿ ಖಾಲಿ ಸೊನ್ನೆ ಆಗುತ್ತದೆ. ಬಾಟಲಿಯ ನೀರು ಕಮ್ಮಿ ಆಗುವುದಿಲ್ಲ ಅಂದೆನಲ್ಲ, ಇದಕ್ಕೇ. ಒಡೆದ ಪರಮಾಣು ಮಾಯವಾಗುವುದಿಲ್ಲ, ಬೇರೆಯದಾಗುತ್ತದೆ. ಅಯೋಡಿನ್‑131 ಕ್ಸೆನಾನ್‑131 ಆಗಿ ಶಾಂತವಾಗುತ್ತದೆ. ಫ್ಲೋರಿನ್‑18ರದ್ದು ನನಗೆ ಇನ್ನೂ ಇಷ್ಟ. ಆಕ್ಸಿಜನ್‑18 ಇರುವ ನೀರಿಗೆ ಪ್ರೋಟಾನ್ ಹೊಡೆಸಿ ಅದನ್ನು ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಅದು ಮತ್ತೆ ಆಕ್ಸಿಜನ್‑18 ಆಗಿ ವಾಪಸ್ ಹೋಗುತ್ತದೆ. ಅನಿಮೇಷನ್ನುಗಳಲ್ಲಿ ಗೋಲಿ ಪಟ್ ಅಂತ ಮಾಯವಾದರೆ ಇದೆಲ್ಲ ಕಳೆದುಹೋಗುತ್ತದೆ.

ಕ್ಷಯ, ಅರ್ಧಾಯು ಎರಡೂ ಪದ ತೆಗೆದೆ. ‘ಅರ್ಧ ಆಗೋ ಹೊತ್ತು’ ಅಂತ ಬರೆದೆ. ಇಂಟರ್ನ್‌ಗಳಿಗೆ ಅರ್ಧಾಯು ಹೇಳಿಕೊಡುತ್ತೇನೆ, ಪರೀಕ್ಷೆಗೆ ಅದು ಬೇಕು. ಗೋಡೆಗೆ ಬೇಡ.

ಪಕ್ಕದಲ್ಲಿ ಇನ್ನೊಂದು ಚಿತ್ರ ಬೇಕೇ ಬೇಕು: ತೂತಿನ ಬಿಂದಿಗೆ. ಎಂಟು ದಿನ ಅನ್ನುವುದು ಬಾಟಲಿಯಲ್ಲಿ ಇಟ್ಟ ಅಯೋಡಿನ್‌ಗೆ. ಮೈಯೊಳಗೆ ಹೋದದ್ದು ಮೂತ್ರದಲ್ಲೂ ಹೊರಗೆ ಹೋಗುತ್ತಿರುತ್ತದೆ. ಥೈರಾಯ್ಡ್ ತೆಗೆದವರಲ್ಲಿ ಬಹುಪಾಲು ಮೊದಲ ಎರಡು ದಿನದಲ್ಲೇ ಹೀಗೆ ಹೋಗುತ್ತದೆ. ಅದಕ್ಕೇ ಚೆನ್ನಾಗಿ ನೀರು ಕುಡಿಯಿರಿ ಅನ್ನುವುದು. ಚಿಕಿತ್ಸೆ ಪಡೆದವರು ಇರುವ ಪ್ರತ್ಯೇಕ ಕೋಣೆಯ ಶೌಚದ ನೀರು ನೇರ ಚರಂಡಿಗೆ ಹೋಗುವುದಿಲ್ಲ. ಬೇರೆ ಟ್ಯಾಂಕಿನಲ್ಲಿ ನಿಲ್ಲಿಸಿ, ವಿಕಿರಣ ಇಳಿದ ಮೇಲೆ ಬಿಡುತ್ತಾರೆ. ಬಿಂದಿಗೆಯ ನೀರು ಒಂದು ಕಡೆ ಆರುತ್ತಿದೆ, ಇನ್ನೊಂದು ಕಡೆ ಸೋರುತ್ತಿದೆ. ಎರಡೂ ಸೇರಿ ಬೇಗ ಇಳಿಯುತ್ತದೆ. ಇಂಟರ್ನ್‌ಗಳಿಗೆ ಲೆಕ್ಕ ಹೀಗೆ ಹೇಳುತ್ತೇನೆ: ಒಡೆದು ಅರ್ಧ ಆಗಲು 6 ಗಂಟೆ, ಮೈಯಿಂದ ಹೊರಗೆ ಹೋಗಿ ಅರ್ಧ ಆಗಲೂ 6 ಗಂಟೆ ಅಂದರೆ, ಎರಡೂ ಸೇರಿದರೆ 3 ಗಂಟೆ.

ಇಂಟರ್ನ್‌ಗಳ ಪಾಠಕ್ಕೆ ಬೇರೆ ಸಾಮಾನು ಬೇಕು. ಕೊಲೊರಾಡೊ ವಿಶ್ವವಿದ್ಯಾಲಯದವರು ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡಲು ತಯಾರಿಸಿದ ಫೆಟ್ (PhET) ಸಿಮ್ಯುಲೇಷನ್‌ಗಳು ಪುಕ್ಕಟೆ ಸಿಗುತ್ತವೆ. ‘ಬಿಲ್ಡ್ ಎ ನ್ಯೂಕ್ಲಿಯಸ್’ನಲ್ಲಿ ಪ್ರೋಟಾನ್, ನ್ಯೂಟ್ರಾನ್ ಒಂದೊಂದಾಗಿ ಸೇರಿಸುತ್ತಾ ಯಾವುದು ನಿಲ್ಲುತ್ತದೆ, ಯಾವುದು ಒಡೆಯುತ್ತದೆ ನೋಡಬಹುದು. ಹಳೆಯ ಕೆಲವು ಜಾವಾದಲ್ಲಿ ಇವೆ, ನಮ್ಮ ಕಂಪ್ಯೂಟರಿನಲ್ಲಿ ಓಡಲು ಬಹಳ ಕಾಡಿದವು. ಪಾಠದ ಹಿಂದಿನ ದಿನವೇ ಓಡಿಸಿ ನೋಡಿಕೊಳ್ಳಿ. ಪರಮಾಣು ಶಕ್ತಿ ಸಂಸ್ಥೆಯ ‘ಲೈವ್ ಚಾರ್ಟ್’ ನಾನು ವಾರಕ್ಕೊಮ್ಮೆಯಾದರೂ ತೆರೆಯುತ್ತೇನೆ. ಪರಮಾಣುವಿನ ಒಂದೊಂದು ಬಗೆಗೂ ಅದರಲ್ಲಿ ಒಂದು ಮನೆ. ಮಾಲಿಬ್ಡಿನಂನಿಂದ ಟೆಕ್ನಿಷಿಯಂಗೆ, ಅಲ್ಲಿಂದ ಮುಂದಕ್ಕೆ ಒಂದೊಂದೇ ಮನೆ ದಾಟಿಸಿ ತೋರಿಸಬಹುದು, ಚೌಕಾಬಾರದ ಕಾಯಿ ನಡೆಸಿದ ಹಾಗೆ.

ಚೌಕಾಬಾರ ಅಂದಾಗ ನೆನಪಾಯಿತು. ನಮ್ಮ ಬೆಸ್ಟ್ ಉಪಕರಣ ಹುಣಸೆ ಬೀಜ. ಒಂದು ಮಗ್ಗುಲು ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿದ 64 ಬೀಜ. ಹಾಕಿದಾಗ ಬೆಳ್ಳಗೆ ಬಿದ್ದದ್ದು ಒಡೆಯಿತು. ಅದನ್ನು ತೆಗೆದು ಆ ಜಾಗಕ್ಕೆ ಒಂದು ಹೆಸರುಕಾಳು. ಹೋದ ಬ್ಯಾಚಿನವರಿಗೆ ಬಂದದ್ದು 64, 37, 17, 10, 4, 3, 1, 1, 0. ಕೊನೆಯ ಬೀಜ ಒಂದು ಸುತ್ತು ಜಾಸ್ತಿ ಉಳಿಯಿತಲ್ಲ, ಆಗ ಒಬ್ಬ ಹುಡುಗ “ಇದು ಇನ್ನು ಬಿದ್ದೇ ಬೀಳ್ತದೆ” ಅಂದ. ಯಾಕೆ ಬೀಳಬೇಕು? ಬೀಜಕ್ಕೆ ಹಿಂದಿನ ಸುತ್ತು ನೆನಪಿರುತ್ತದಾ? ಆ ಒಂದು ಪ್ರಶ್ನೆಯ ಮೇಲೆ ಅರ್ಧ ಗಂಟೆ ಮಾತಾಡಿದೆವು. ಬೀಜ ಸರಿಯಾಗಿ ಉಜ್ಜದಿದ್ದರೆ ಅರ್ಧ ಆಗಲು ಒಂದಕ್ಕಿಂತ ಜಾಸ್ತಿ ಸುತ್ತು ಬೇಕಾಗುತ್ತದೆ. ಅದೂ ಒಳ್ಳೆಯದೇ, ಬೇರೆ ಪರಮಾಣು ಅಂತ ತಿಳಿಯಿರಿ ಅನ್ನುತ್ತೇನೆ.

ಮೋಡದ ಪೆಟ್ಟಿಗೆಯ ವಿಡಿಯೊಗಳನ್ನು ಮಾತ್ರ ಬಿಡಬೇಡಿ. ಪರಮಾಣು ಒಡೆದಾಗ ಹಾರುವ ಕಣ ಹಾಯ್ದ ದಾರಿ ಅದರೊಳಗಿನ ಆವಿಯಲ್ಲಿ ಮಂಜಿನ ಗೆರೆಯಾಗಿ ಕಾಣುತ್ತದೆ. ಸ್ಕಾಟ್ಲೆಂಡಿನ ವಿಜ್ಞಾನಿ ವಿಲ್ಸನ್ 1911ರಲ್ಲಿ ಅದರಲ್ಲಿ ಕಣಗಳ ಜಾಡನ್ನು ಮೊದಲು ಕಂಡರು. ಈಗ ಡ್ರೈ ಐಸ್, ಐಸೊಪ್ರೊಪೈಲ್ ಆಲ್ಕೋಹಾಲ್ ಇಟ್ಟುಕೊಂಡು ಕಾಲೇಜಿನಲ್ಲೇ ಮಾಡುತ್ತಾರೆ. ಆಲ್ಫಾ ಕಣದ ಗೆರೆ ದಪ್ಪ, ಗಿಡ್ಡ. ಬೀಟಾದ್ದು ಕೂದಲಿನ ಹಾಗೆ ಸಣ್ಣ, ಅಂಕುಡೊಂಕು. ಒಳಗೆ ಏನೂ ಇಡದ ಪೆಟ್ಟಿಗೆಯ ವಿಡಿಯೊವನ್ನೇ ನಾನು ಮೊದಲು ತೋರಿಸುವುದು. ಅಲ್ಲೂ ಗೆರೆಗಳು ಬೀಳುತ್ತಲೇ ಇರುತ್ತವೆ, ಆಕಾಶದಿಂದ, ಗೋಡೆಯಿಂದ. ಭಯ ಹೊತ್ತು ಬಂದ ಮನೆಯವರಿಗೂ ಒಂದೆರಡು ಸಲ ತೋರಿಸಿದ್ದೇನೆ. ಮಾತಿನಲ್ಲಿ ಹತ್ತು ಸಲ ಹೇಳಿದ್ದಕ್ಕಿಂತ ಅದು ಜಾಸ್ತಿ ಹಿಡಿಸಿತು.

ಇಷ್ಟೆಲ್ಲ ಆದ ಮೇಲೂ ಇಂಟರ್ನ್‌ಗಳಿಗೆ ನಂಬಿಕೆ ಬರುವುದು ಅವರದೇ ಅಂಕಿಯಿಂದ. ಬೆಳಗ್ಗೆ 8ಕ್ಕೆ ಟೆಕ್ನಿಷಿಯಂ ಇರುವ ಒಂದು ಬಾಟಲಿಯನ್ನು ವಿಕಿರಣ ಅಳೆಯುವ ಡೋಸ್ ಕ್ಯಾಲಿಬ್ರೇಟರಿನಲ್ಲಿ ಇಟ್ಟು ಓದಿಸುತ್ತೇನೆ. 20 ಮಿಲಿಕ್ಯೂರಿ. ಗಂಟೆಗೊಮ್ಮೆ ಬರೆಯಬೇಕು: 17.8, 15.9, 14.1, 12.6, 11.2. ಮಧ್ಯಾಹ್ನ 2ಕ್ಕೆ 10 ಬಂದಾಗ ಅವರ ಮುಖ ನೋಡಬೇಕು. ಸೂತ್ರ ಆರು ತಿಂಗಳಿಂದ ಗೊತ್ತಿರುತ್ತದೆ. ತಾವೇ ಬರೆದ ಕಾಲಮ್ಮಿನಲ್ಲಿ ಅದು ಬಂದು ನಿಲ್ಲುವುದು ಬೇರೆ.

ಚುಕ್ಕಿ ಹಾಳೆ ಈಗ ಗೋಡೆಯ ಮೇಲಿದೆ, ಚೀಟಿಯ ಹಿಂದೆಯೂ ಇದೆ. ಎಂಟೆಂಟು ದಿನಕ್ಕೊಂದರಂತೆ ಸಾಲಾಗಿ ಇರುವ ಚುಕ್ಕಿ ಚೌಕಗಳ ನಡುವೆ ಒಂದು ಕೆಂಪು ಗೆರೆ. ಗೆರೆಯ ಆಚೆ ‘ಮಗುವನ್ನು ಎತ್ತಿಕೊಳ್ಳಬಹುದು’ ಅಂತ ಬರೆದಿದೆ. ಗೆರೆ ಎಲ್ಲಿ ಅನ್ನುವುದನ್ನು ಒಬ್ಬೊಬ್ಬರಿಗೂ ವೈದ್ಯರು, ವಿಕಿರಣ ಸುರಕ್ಷತಾ ಅಧಿಕಾರಿ ಅಳತೆ ನೋಡಿ ಎಳೆಯುತ್ತಾರೆ. ರಾಯಚೂರಿನ ಕಡೆಯ ಒಬ್ಬ ಅಜ್ಜಿ ಓದಲು ಬಾರದವರು. ಹಾಳೆ ನೋಡಿ, ಬೆರಳು ಮಡಿಸಿ, “ಅಂದ್ರ ಸಂತಿಯಿಂದ ಸಂತಿಗೆ ಅರ್ಧ ಆಗ್ತದ” ಅಂದರು. ಒಂದು ದಿನದ ವ್ಯತ್ಯಾಸ ಇದೆ, ಇರಲಿ. ನಮ್ಮ ಹಾಳೆಯಲ್ಲಿ ಈಗ ಸಂತೆಯ ಒಂದು ಪುಟ್ಟ ಚಿತ್ರವೂ ಇದೆ.

ಸದ್ಯ ಉರ್ದು ಹಾಳೆ ತಯಾರಾಗುತ್ತಿದೆ. ಅಕ್ಷರ ಬದಲಿಸಿದರೆ ಸಾಕು ಅಂದುಕೊಂಡಿದ್ದೆ. ನಮ್ಮ ವಾರ್ಡಿನ ಸಿಸ್ಟರ್ ಒಬ್ಬರು ಕರಡು ನೋಡಿ ತಡೆದರು. ಉರ್ದು ಓದುವವರ ಕಣ್ಣು ಬಲದಿಂದ ಎಡಕ್ಕೆ ಹೋಗುತ್ತದೆ. ನಾನು ಮಾಡಿದ ಹಾಳೆಯನ್ನು ಹಾಗೆ ನೋಡಿದರೆ, ದಿನ ಕಳೆದಂತೆ ಚುಕ್ಕಿಗಳು ಹೆಚ್ಚುತ್ತಾ ಹೋಗುತ್ತಿದ್ದವು. ಚೌಕಗಳನ್ನೆಲ್ಲ ತಿರುಗಿಸಿ ಜೋಡಿಸಿದ್ದೇನೆ. ಸೋಮವಾರ ನಾಲ್ಕು ಜನರಿಗೆ ತೋರಿಸಬೇಕು.